ಆರು ಅಡಿ ಅಂತರ ಮತ್ತು ಒಂದನೆಯ ತರಗತಿ

ದಾವಣಗೆರೆಯಿಂದ ಓದುಗರೊಬ್ಬರು ಬರೆದಿದ್ದಾರೆ: "ಕೊರೊನಾ ಕಾಲದಲ್ಲಿ ಮಕ್ಕಳ ಕಲಿಕೆ ಹಿಂದೆ ಬಿದ್ದದ್ದರ ಬಗ್ಗೆ ಕಳೆದ ಸಂಚಿಕೆಯ ಲೇಖನ ಓದಿ ಮನಸ್ಸಿಗೆ ನೋವಾಯಿತು. ಮಕ್ಕಳನ್ನು ಕಳಿಸದ ನಮ್ಮಂಥವರೇ ತಪ್ಪಿತಸ್ಥರು ಎಂಬ ಧಾಟಿ ಅದರಲ್ಲಿದೆ. 2021ರಲ್ಲಿ ನನ್ನ ಮಗ ಮೂರನೆಯ ತರಗತಿ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅತ್ತೆ. ಆರು ಅಡಿ ಅಂತರ ಕಾಪಾಡಲು ಆಗದಿದ್ದರೆ ಶಾಲೆ ತೆರೆಯಲೇಬೇಡಿ ಎಂದು ಪೋಷಕರ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಇನ್ನೊಬ್ಬ ತಾಯಿ, ನಿಮ್ಮ ಮನೇಲಿ ಫೋನಿದೆ, ನನ್ನ ಮಗಳಿಗೆ ಏನಿದೆ ಅಂತ ಜಗಳಕ್ಕೇ ಬಂದರು. ಆರು ಅಡಿ ಎಂದವರೇ ಆಮೇಲೆ ಮೂರು ಅಡಿ ಸಾಕು ಎಂದರು. ನಂಬುವುದು ಯಾರನ್ನು? ನಾಳೆ ಇಂಥದೇ ಇನ್ನೊಂದು ರೋಗ ಬಂದರೆ ಸಭೆಯಲ್ಲಿ ನಾನು ಏನು ಹೇಳಬೇಕು?"

ಸೋದರಿ,

ಮಗನನ್ನು ಮನೆಯಲ್ಲಿ ಉಳಿಸಿಕೊಂಡದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. 2021ರ ಏಪ್ರಿಲ್, ಮೇ ತಿಂಗಳುಗಳನ್ನು ಕಂಡ ಯಾರೂ ನಿಮ್ಮ ಭಯವನ್ನು ಹಗುರವಾಗಿ ಆಡಲಾರರು. ಒಂದು ಹಾಸಿಗೆಗಾಗಿ ಜನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ದಿನಗಳು ಅವು. ಚಾಮರಾಜನಗರದಲ್ಲಿ ಆಮ್ಲಜನಕ ಸಿಗದೆ ರೋಗಿಗಳು ಸತ್ತದ್ದು ಆ ಮೇ ತಿಂಗಳಲ್ಲೇ. ಪಾಠ ಹೇಳುವ ಮೇಷ್ಟ್ರುಗಳನ್ನೂ ಆ ಅಲೆ ಬಿಡಲಿಲ್ಲ. ಸಕ್ಕರೆ ಕಾಯಿಲೆಯ ಅತ್ತೆಯನ್ನು ಕಾಪಾಡಿಕೊಂಡಿರಿ, ಸರಿಯಾಗಿಯೇ ಮಾಡಿದಿರಿ. ಆದರೆ ಸಭೆಯಲ್ಲಿ ನೀವು ಹೇಳಿದ್ದು ನಿಮ್ಮ ಮನೆಯೊಂದಕ್ಕೆ ಸಂಬಂಧಿಸಿದ ಮಾತಾಗಿರಲಿಲ್ಲ. ಬಾಗಿಲು ಎಲ್ಲರಿಗೂ ಮುಚ್ಚಿರಲಿ ಎಂದಿರಿ. ನನ್ನ ತಕರಾರು ಇರುವುದು ಅಲ್ಲಿ ಮಾತ್ರ.

ಮೊದಲು ಅಡಿಗಳ ವಿಚಾರ. ಕೆಮ್ಮಿದಾಗ, ಜೋರಾಗಿ ಮಾತಾಡಿದಾಗ ಬಾಯಿಂದ ಸಿಡಿಯುವ ದಪ್ಪ ಹನಿಗಳು ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತವೆ ಎಂಬುದು ಅಂತರದ ನಿಯಮದ ಹಿಂದಿದ್ದ ತಿಳಿವಳಿಕೆ. ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ ಒಂದು ಮೀಟರ್ ಎಂದಿತು. ಅಮೆರಿಕ ಆರು ಅಡಿ ಎಂದಿತು. ನಮ್ಮ ಕೇಂದ್ರ ಸರ್ಕಾರವೂ ಆರು ಅಡಿಯನ್ನೇ ಎರಡು ಗಜ ಎಂದು ಸಾರಿತು. ಆಮೇಲೆ ಮ್ಯಾಸಚೂಸೆಟ್ಸ್ ರಾಜ್ಯದ 251 ಶಾಲಾ ಜಿಲ್ಲೆಗಳನ್ನು ಹೋಲಿಸಿ ನೋಡಿದರು. ಮಾಸ್ಕ್ ಕಡ್ಡಾಯವಿದ್ದ ಆ ಶಾಲೆಗಳಲ್ಲಿ ಮೂರು ಅಡಿಗೂ ಆರು ಅಡಿಗೂ ಸೋಂಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2021ರ ಮಾರ್ಚ್ 19ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಮಾಸ್ಕ್ ಹಾಕಿದ ಪ್ರಾಥಮಿಕ ಶಾಲೆಯ ಮಕ್ಕಳಿಗೆ ತರಗತಿಯಲ್ಲಿ ಮೂರು ಅಡಿ ಸಾಕು ಎಂದಿತು. ಹೊಸ ಪುರಾವೆ ಬಂದಾಗ ನಿಯಮ ಬದಲಾಯಿತು. ಹಾಗೆ ಬದಲಾಯಿಸಿದವರನ್ನು ನಂಬಬಹುದು ಎಂಬುದು ನನ್ನ ಅಭಿಪ್ರಾಯ. ಬದಲಾದದ್ದೇಕೆ ಎಂದು ದಾವಣಗೆರೆಯ ಒಬ್ಬ ತಾಯಿಗೆ ಕನ್ನಡದಲ್ಲಿ ಯಾರೂ ಬಿಡಿಸಿ ಹೇಳಲಿಲ್ಲವಲ್ಲ, ಅದರ ಬಗ್ಗೆ ನನಗೂ ನಿಮ್ಮಷ್ಟೇ ಸಿಟ್ಟಿದೆ.

ಈ ಮೂರು ಅಡಿಯ ವ್ಯತ್ಯಾಸ ಎಷ್ಟು ದೊಡ್ಡದೆಂದು ಒಂದು ಕೋಣೆ ಇಟ್ಟುಕೊಂಡು ನೋಡಿ. ಉದ್ದ 20 ಅಡಿ, ಅಗಲ 20 ಅಡಿ. ಕರಿಹಲಗೆಗೂ ಟೀಚರ್ ಓಡಾಟಕ್ಕೂ ಮುಂದೆ ಐದು ಅಡಿ ಬಿಡಿ. ಗೋಡೆಯಿಂದ ಒಂದಡಿ ಈಚೆಗೆ ಶುರುಮಾಡಿ ಆರು ಅಡಿಗೊಂದು ಮಗುವನ್ನು ಕೂರಿಸಿದರೆ ಸಾಲಿಗೆ ನಾಲ್ಕರಂತೆ ಮೂರು ಸಾಲು, ಒಟ್ಟು 12 ಮಕ್ಕಳು. ಮೂರು ಅಡಿಗೊಂದರಂತೆ ಕೂರಿಸಿದರೆ ಸಾಲಿಗೆ ಏಳರಂತೆ ಐದು ಸಾಲು, 35 ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆ ಹಿರಿಯ ಪ್ರಾಥಮಿಕಕ್ಕೆ ಒಬ್ಬ ಶಿಕ್ಷಕರಿಗೆ ಹೇಳುವ ಗರಿಷ್ಠ ಸಂಖ್ಯೆಯೂ 35. ಅಂದರೆ ಮೂರು ಅಡಿ ಎಂದರೆ ಶಾಲೆ ದಿನವೂ ನಡೆಯುತ್ತದೆ. ಆರು ಅಡಿ ಎಂದರೆ ಮೂರರಲ್ಲಿ ಇಬ್ಬರು ಮಕ್ಕಳು ಹೊರಗೇ. ನಿಮ್ಮ ಸಭೆಯಲ್ಲಿ ಈ ಲೆಕ್ಕ ಯಾರಾದರೂ ಹಲಗೆಯ ಮೇಲೆ ಬರೆದಿದ್ದರೆ ಜಗಳದ ದಿಕ್ಕೇ ಬೇರೆಯಾಗುತ್ತಿತ್ತು.

ಅಷ್ಟರಲ್ಲಿ ಅಡಿಗಳಿಗಿಂತ ಮುಖ್ಯವಾದ ಸಂಗತಿಯೊಂದು ಗೊತ್ತಾಗಿತ್ತು. ರೋಗ ದಪ್ಪ ಹನಿಯಲ್ಲಷ್ಟೇ ಅಲ್ಲ, ಗಾಳಿಯಲ್ಲಿ ತೇಲುವ ಸಣ್ಣ ಕಣಗಳಲ್ಲೂ ಹರಡುತ್ತದೆ. 2021ರ ಮೇ 20ರಂದು ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರ ಕೆ. ವಿಜಯರಾಘವನ್ ಅವರ ಕಚೇರಿ ಹೊರಡಿಸಿದ ಸಲಹೆಯಲ್ಲಿ ಇದು ಸ್ಪಷ್ಟವಾಗಿತ್ತು: ಹನಿಗಳು ಎರಡು ಮೀಟರಿನೊಳಗೆ ಬೀಳುತ್ತವೆ, ಸೂಕ್ಷ್ಮ ಕಣಗಳು 10 ಮೀಟರಿನವರೆಗೆ ಹೋಗಬಲ್ಲವು, ಆದ್ದರಿಂದ ಕಿಟಕಿ ಬಾಗಿಲು ತೆರೆದಿಡಿ. ಹಾಗೆ ನೋಡಿದರೆ ಗಾಳಿಯಾಡದ ಕೋಣೆಯಲ್ಲಿ ಆರು ಅಡಿಯೂ ಸಾಲದು. ಎತ್ತರದ ಹೆಂಚಿನ ಸೂರು, ಎರಡೂ ಕಡೆ ಕಿಟಕಿ, ಮುಂದೆ ಜಗಲಿ, ಆಚೆಗೊಂದು ಬೇವಿನ ಮರ ಇರುವ ಹಳ್ಳಿಯ ಸರ್ಕಾರಿ ಶಾಲೆ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ ಎಸಿ ಹಾಕಿ ನಡೆಸುವ ಶಾಲೆ ಹಾಗಿರಲಿಲ್ಲ. ಆದರೂ ಎರಡಕ್ಕೂ ಒಂದೇ ಸುತ್ತೋಲೆ, ಒಂದೇ ಅಳತೆ. ಸುಣ್ಣದ ಪುಡಿಯಲ್ಲಿ ವೃತ್ತ ಬರೆದ ಶಾಲೆಗಳ ಫೋಟೊಗಳು ಪತ್ರಿಕೆಗಳಲ್ಲಿ ಬಂದವು. ಎಷ್ಟು ಕಿಟಕಿ ತೆರೆಯುತ್ತವೆ, ಎಷ್ಟು ತುಕ್ಕು ಹಿಡಿದು ಕೂತಿವೆ ಎಂದು ಎಣಿಸುವ ಕೆಲಸಕ್ಕೆ ಅಷ್ಟು ಗಮನ ಸಿಗಲಿಲ್ಲ.

ಚಿಕ್ಕ ತರಗತಿಗಳಲ್ಲಿ ಇನ್ನೂ ಒಂದು ತೊಡಕಿತ್ತು. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಗುಂಪಾಗಿ ಕೂತು, ಕಾರ್ಡುಗಳನ್ನು ಕೈಯಿಂದ ಕೈಗೆ ದಾಟಿಸಿ, ಒಬ್ಬರನ್ನೊಬ್ಬರು ಕೇಳಿ ಕಲಿಯುತ್ತಾರೆ. ಅವರನ್ನು ದೂರ ದೂರ ಕೂರಿಸಿದರೆ ಆ ಪದ್ಧತಿಯೇ ನಿಂತುಹೋಗುತ್ತದೆ. ನಿಮಗೆ ಅಂತರ ಒಂದು ರಕ್ಷಣೆಯಾಗಿ ಕಂಡಿತು. ಆ ಮಕ್ಕಳಿಗೆ ಅದರ ಬೆಲೆ ಏನೆಂದು ಸಭೆಯಲ್ಲಿ ಹೇಳಬೇಕಾದವರು ಟೀಚರ್. ಅವರನ್ನು ಕೇಳಿದವರು ಕಡಿಮೆ.

ಈಗ ನಿಮ್ಮೊಡನೆ ಜಗಳಕ್ಕೆ ನಿಂತ ಆ ತಾಯಿಯ ಮಾತಿಗೆ ಬರುತ್ತೇನೆ. ಅವರು ಒಂಟಿಯಾಗಿರಲಿಲ್ಲ. 2021ರ ಆಗಸ್ಟಿನಲ್ಲಿ ಕರ್ನಾಟಕವೂ ಸೇರಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳಲ್ಲಿ ಸುಮಾರು 1,400 ಮಕ್ಕಳ ಬಗ್ಗೆ ಸಮೀಕ್ಷೆ ನಡೆಯಿತು. ಹಳ್ಳಿಗಳಲ್ಲಿ ಆನ್‌ಲೈನ್ ಪಾಠ ನಿಯಮಿತವಾಗಿ ಕೇಳುತ್ತಿದ್ದ ಮಕ್ಕಳು ಶೇ 8 ಮಾತ್ರ. ಏನೂ ಓದದೆ ಕೂತಿದ್ದವರು ಶೇ 37. ಶಾಲೆ ಬೇಗ ತೆರೆಯಿರಿ ಎಂದ ಹಳ್ಳಿಯ ಪೋಷಕರು ಶೇ 97. ಈ ಕೊನೆಯ ಸಂಖ್ಯೆಯನ್ನು ದಯವಿಟ್ಟು ಇನ್ನೊಮ್ಮೆ ಓದಿ. ಪೋಷಕರು ಇಬ್ಭಾಗವಾಗಿದ್ದಾರೆ ಎಂದು ನಾವು ಪತ್ರಿಕೆಯವರು ಬರೆಯುತ್ತಿದ್ದಾಗ, ನಮ್ಮ ಕಿವಿಗೆ ಬೀಳುತ್ತಿದ್ದದ್ದು ಹೆಚ್ಚಾಗಿ ನಗರದ ವಾಟ್ಸ್‌ಆ್ಯಪ್ ಗುಂಪುಗಳ ದನಿ. ಕೂಲಿಗೆ ಹೋದವರು ಯಾವ ಗುಂಪಿನಲ್ಲೂ ಇರಲಿಲ್ಲ. 2020ರ ಆಗಸ್ಟಿನಲ್ಲಿ ವಿದ್ಯಾಗಮ ಬಂದಾಗ, ಜನ ವಠಾರ ಶಾಲೆ ಎಂದು ಕರೆದ ಆ ದೇವಸ್ಥಾನದ ಜಗಲಿಯ ಪಾಠಗಳಿಗೆ ಮಕ್ಕಳನ್ನು ಕಳಿಸಿದವರು ಇವರೇ. ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗಲಿದ ಸುದ್ದಿ ಬಂದು ಅಕ್ಟೋಬರಿನಲ್ಲಿ ಅದೂ ನಿಂತಿತು. ಉಳಿದದ್ದು ಚಂದನದ ಪಾಠ, ಅದೂ ಮನೆಯಲ್ಲಿ ಟಿವಿ ಇದ್ದರೆ.

ಮುಚ್ಚಿದ ಶಾಲೆ ರೋಗವನ್ನು ಮಕ್ಕಳಿಂದ ದೂರ ಇಟ್ಟಿತೇ? 2021ರ ಜೂನ್-ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರಕ್ತ ಪರೀಕ್ಷಿಸಿ ನಡೆಸಿದ ನಾಲ್ಕನೆಯ ರಾಷ್ಟ್ರೀಯ ಸೀರೊ ಸಮೀಕ್ಷೆಯಲ್ಲಿ ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ 57.2ರಷ್ಟು ಮಂದಿಯ ರಕ್ತದಲ್ಲಿ ಪ್ರತಿಕಾಯಗಳು, ಅಂದರೆ ಸೋಂಕು ಬಂದುಹೋದ ಗುರುತು, ಸಿಕ್ಕವು. ಮಕ್ಕಳಿಗೆ ಲಸಿಕೆಯೇ ಇಲ್ಲದ ಕಾಲ ಅದು. ಮಕ್ಕಳು ಮನೆಯಲ್ಲಿದ್ದರು, ರೋಗ ಮನೆಗೇ ಬಂದಿತ್ತು. ಆ ಜುಲೈನಲ್ಲೇ ಐಸಿಎಂಆರ್ ಮಹಾನಿರ್ದೇಶಕ ಬಲರಾಮ್ ಭಾರ್ಗವ, ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನು ಮೊದಲು ತೆರೆಯುವುದು ಒಳ್ಳೆಯದು ಎಂದಿದ್ದರು. ನಾವು ಮಾಡಿದ್ದು ತಿರುವುಮುರುವು. ಆಗಸ್ಟ್ 23ಕ್ಕೆ ಒಂಬತ್ತರಿಂದ ಮೇಲಿನವರು, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು, ಒಂದರಿಂದ ಐದನೆಯವರಿಗೆ ಅಕ್ಟೋಬರ್ 25. ಚಿತ್ರಮಂದಿರಗಳ ಪೂರ್ತಿ ಸೀಟು ತುಂಬಲು ಅಕ್ಟೋಬರ್ 1ರಿಂದಲೇ ಅನುಮತಿಯಿತ್ತು. 2020ರ ಜೂನ್‌ನಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ಮೊದಲ ಸಲ ತರಗತಿಯ ಕೋಣೆಯೊಳಗೆ ಕೂತಾಗ ಅದು ಎರಡನೆಯ ತರಗತಿಯ ನಡುವಿನಲ್ಲಿತ್ತು.

ಇದಕ್ಕೆ ನಿಮ್ಮನ್ನು ದೂಷಿಸುವುದು ಅನ್ಯಾಯ. 2020ರ ಜೂನ್ 25ರಿಂದ ಇದೇ ರಾಜ್ಯ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಎಸ್ಎಸ್ಎಲ್‌ಸಿ ಪರೀಕ್ಷೆ ನಡೆಸಿತು. ಬಾಗಿಲಲ್ಲಿ ಜ್ವರ ನೋಡಿ, ಮಾಸ್ಕ್ ಕೊಟ್ಟು, ದೂರ ದೂರ ಕೂರಿಸಿ ನಡೆಸಿತು. ಪರೀಕ್ಷೆಗಾಗಿ ಇಷ್ಟು ಮಾಡಬಲ್ಲ ವ್ಯವಸ್ಥೆ ಒಂದನೆಯ ತರಗತಿಯ ಅಕ್ಷರಾಭ್ಯಾಸಕ್ಕಾಗಿ ಮಾಡಲಿಲ್ಲ. ಪೋಷಕರ ಕೈಗೆ ಒಪ್ಪಿಗೆ ಪತ್ರ ಕೊಟ್ಟು ಸಹಿ ಮಾಡಿ ಎಂದಿತು. ಗಾಳಿ ಎಷ್ಟಿದೆ, ಊರಲ್ಲಿ ಸೋಂಕು ಎಷ್ಟಿದೆ, ಶಿಕ್ಷಕರಿಗೆ ಲಸಿಕೆ ಆಗಿದೆಯೇ ಎಂಬುದನ್ನೆಲ್ಲ ತೂಗಿ ತೀರ್ಮಾನಿಸಬೇಕಾದದ್ದು ಸರ್ಕಾರ. ಆ ಹೊರೆ ಒಬ್ಬೊಬ್ಬ ತಾಯಿಯ ತಲೆಗೆ ಬಿತ್ತು. ಒಬ್ಬಳೇ ಕೂತು ಸಹಿ ಹಾಕುವವಳು ತನ್ನ ಮನೆಯನ್ನೇ ನೋಡುತ್ತಾಳೆ. ನೀವೂ ನೋಡಿದಿರಿ, ಆ ಇನ್ನೊಬ್ಬ ತಾಯಿಯೂ ನೋಡಿದರು. ನಿಮ್ಮಿಬ್ಬರ ನಡುವೆ ಜಗಳ ಹಚ್ಚಿದ್ದು ಆ ಪತ್ರ.

ಕಳೆದ ಸಂಚಿಕೆಯ ಲೇಖನದ ಮೂಲ ಮಾತಿಗೆ ಮಾತ್ರ ನಾನು ಈಗಲೂ ಬದ್ಧ. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ನೋಡಿದಾಗ, ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಮರೆತಿದ್ದರು. 2022ರಲ್ಲಿ ಕಲಿಕಾ ಚೇತರಿಕೆ ಎಂದು ಇಲಾಖೆ ಒಂದು ವರ್ಷ ಶ್ರಮಿಸಿತು, ಒಳ್ಳೆಯದೇ ಆಯಿತು. ಆದರೆ ಓದು ಕೈಬಿಟ್ಟು ಕೂಲಿಗೆ ಇಳಿದ ಹುಡುಗ, ಮದುವೆ ಮಾಡಿ ಕಳಿಸಿದ ಹುಡುಗಿ ಆ ಕಾರ್ಯಕ್ರಮದ ಪಟ್ಟಿಯಲ್ಲಿ ಎಲ್ಲಿ ಬರಬೇಕು?

ಮುಂದೆ ಏನು ಹೇಳಬೇಕೆಂದು ಕೇಳಿದ್ದೀರಿ. ಮಗ ಸರ್ಕಾರಿ ಶಾಲೆಯಲ್ಲಿದ್ದರೆ ನೀವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಬರಬಹುದು, ಅದರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಕಾನೂನಿದೆ. ರೋಗ ಬರುವ ತನಕ ಕಾಯಬೇಡಿ. ಯಾವ ಕಿಟಕಿ ತೆರೆಯುವುದಿಲ್ಲವೋ ಅದನ್ನು ಈ ವರ್ಷವೇ ಸರಿಮಾಡಿಸಿ. ಜಗಲಿಯಲ್ಲಿ, ಮರದಡಿಯಲ್ಲಿ ಎಷ್ಟು ಮಕ್ಕಳು ಕೂರಬಹುದು ಎಂದು ಬರೆದಿಡಿಸಿ. ಮನೆಯಲ್ಲಿ ನಿಮ್ಮ ಅತ್ತೆಯಂಥ ಹಿರಿಯರಿರುವ ಮಕ್ಕಳಿಗೆ ಪಾಠ ಮುಟ್ಟಿಸುವ ದಾರಿ ಬೇರೆ ಇರಲಿ, ಬಾಗಿಲು ಉಳಿದವರಿಗೆ ತೆರೆದಿರಲಿ, ಅದೂ ಚಿಕ್ಕವರಿಗೆ ಮೊದಲು ಎಂದು ಹೇಳಿ. ಬಿಸಿಯೂಟ ನಿಂತರೆ ಆ ಹೊತ್ತಿನ ಊಟ ಮಗುವಿಗೆ ಎಲ್ಲಿಂದ ಎಂದೂ ಕೇಳಿ. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಆ ಇನ್ನೊಬ್ಬ ತಾಯಿ ಹೊಲದಲ್ಲೋ ಕಟ್ಟಡದ ಕೆಲಸದಲ್ಲೋ ಇರುತ್ತಾರೆ. ಸಂಜೆ ಏಳಕ್ಕೆ ಕರೆಸಿ.

— ಸಂಪಾದಕ