ಧಕ್ಕೆಯಲ್ಲಿ ಕಟ್ಟಿದ ಮಂಜಿ

ಪ್ರಶ್ನೆ: ಮಂಗಳೂರಿನ ಹಳೆ ಬಂದರಿನಲ್ಲಿ ಮಳೆಗಾಲವಿಡೀ ಕಟ್ಟಿರುವ ಮರದ ಮಂಜಿಗಳಲ್ಲಿ (ಸರಕು ಹಡಗುಗಳಲ್ಲಿ) ಉಳಿದವರು ಹೊತ್ತು ಹೇಗೆ ಕಳೆಯುತ್ತಾರೆ?
– ಓದುಗರೊಬ್ಬರು, ಪುತ್ತೂರು

ಉತ್ತರ: ನೈರುತ್ಯದ ಲಕ್ಷದ್ವೀಪಕ್ಕೆ ಸಿಮೆಂಟು, ಜಲ್ಲಿ, ತರಕಾರಿ ಒಯ್ಯುವ ಈ ಮಂಜಿಗಳು ಸಾಮಾನ್ಯವಾಗಿ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಕಡಲಿಗಿಳಿಯುವಂತಿಲ್ಲ. ಹೆಚ್ಚಿನವರು ಊರಿಗೆ ಮರಳುತ್ತಾರೆ. ಕಾವಲಿಗೆ ಉಳಿದ ಒಬ್ಬಿಬ್ಬರಿಗೆ, ನಾವು ದಡದಲ್ಲಿ ನಿಂತು ಊಹಿಸುವಷ್ಟು ಬಿಡುವು ಇರುವುದಿಲ್ಲ. ಒಳಗೆ ಸೇರಿದ ನೀರನ್ನು ಹೊರಹಾಕಬೇಕು. ಗುರುಪುರ ನದಿ ಉಬ್ಬರವಿಳಿತಕ್ಕೆ ಏರಿಳಿದಂತೆ ಹಗ್ಗಗಳನ್ನು ಸಡಿಲಿಸಿ, ಮತ್ತೆ ಬಿಗಿಯಬೇಕು. ಮಳೆ ಹೊಳವಾದಾಗ ಹಲಗೆಗಳ ಸಂದಿಗೆ ಹತ್ತಿಯ ಎಳೆಯನ್ನು ಉಳಿಯಂಥ ಸಲಕರಣೆಯಿಂದ ಬಡಿದು ತುರುಕುವ ಕೆಲಸವಂತೂ ಬಹಳ ನಿಧಾನದ್ದು, ಏಕೆಂದರೆ ಅವಸರದಲ್ಲಿ ಬಿಟ್ಟ ಒಂದು ಬೆರಳಗಲದ ಸಂದಿಯೇ ಮುಂದೆ ನಡುಗಡಲಿನಲ್ಲಿ ಸೋರುತ್ತದೆ. ಇಸ್ಪೀಟಿನ ಆಟವೇನಿದ್ದರೂ ರಾತ್ರಿ ಗಂಜಿ ಉಂಡ ನಂತರ.