ದೇಶ ಎಷ್ಟು ಅಂತ ಯಾರನ್ನ ಕೇಳ್ತೀರಿ?

ಪ್ರಶ್ನೆ: ಸರ್, ಕಾಂಪಿಟೇಟಿವ್ ಎಗ್ಸಾಮ್‌ಗೆ ಓದ್ತಿದೀನಿ. ಒಂದು ಗೈಡ್‌ನಲ್ಲಿ ಜಗತ್ತಲ್ಲಿ 193 ದೇಶ ಅಂತಿದೆ, ಕೋಚಿಂಗ್‌ನಲ್ಲಿ 195 ಅಂತ ಬರೆಸಿದ್ರು, ಒಲಿಂಪಿಕ್ಸ್ ಟೈಮಲ್ಲಿ ಟಿವಿಯವ್ರು ಇನ್ನೂರಕ್ಕೂ ಜಾಸ್ತಿ ಅಂದ್ರು. ಯಾವ್ದು ಸರಿ? ಒಂದು ದೇಶ ಆಗೋಕೆ ಏನೇನ್ ಬೇಕು?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಮೂರೂ ಸರಿ ಕಣ್ರೀ, ಎಣಿಸಿದವ್ರು ಬೇರೆ ಬೇರೆ ಅಷ್ಟೆ. 193 ಅನ್ನೋದು ವಿಶ್ವಸಂಸ್ಥೆಯ ಮೆಂಬರ್‌ಗಳ ಲೆಕ್ಕ, ಕೊನೇಲಿ ಸೇರಿದ್ದು ದಕ್ಷಿಣ ಸುಡಾನ್, 2011ರಲ್ಲಿ. ಅಲ್ಲಿ ವೀಕ್ಷಕರಾಗಿ ಕೂತಿರೋ ವ್ಯಾಟಿಕನ್, ಪ್ಯಾಲೆಸ್ತೀನ್ ಎರಡನ್ನೂ ಸೇರಿಸ್ಕೊಂಡ್ರೆ 195. ಒಲಿಂಪಿಕ್ ಸಮಿತಿಯದ್ದು 206. ಫಿಫಾದ್ದು 211, ಫುಟ್‌ಬಾಲ್‌ನಲ್ಲಿ ಇಂಗ್ಲೆಂಡು, ಸ್ಕಾಟ್ಲೆಂಡು, ವೇಲ್ಸು, ಉತ್ತರ ಐರ್ಲೆಂಡು ನಾಲ್ಕೂ ಬೇರೆ ಬೇರೆ ಟೀಮಲ್ವಾ. ಸೈಬರ್ ಸೆಂಟರ್‌ನಲ್ಲಿ ಆನ್‌ಲೈನ್ ಫಾರಂ ತುಂಬೋವಾಗ ದೇಶ ಅನ್ನೋ ಕಡೆ ಒತ್ತಿದ್ರೆ ಉದ್ದಕ್ಕೆ ಒಂದು ಪಟ್ಟಿ ಬಿಚ್ಕೊಳ್ಳುತ್ತಲ್ಲ, ಅದು ಸಾಮಾನ್ಯವಾಗಿ ಐಎಸ್‌ಒ ಅನ್ನೋ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಕೋಡ್ ಪಟ್ಟಿ, ಅದ್ರಲ್ಲಿ 249 ಹೆಸರು, ಅಂಟಾರ್ಕ್ಟಿಕಾನೂ ಇದೆ, ನರಪಿಳ್ಳೆ ವಾಸ ಇಲ್ಲದ ನಾರ್ವೆಯ ಬೂವೆ ದ್ವೀಪಾನೂ ಇದೆ. ಪ್ರಶ್ನೆಪತ್ರಿಕೇಲಿ ‘ವಿಶ್ವಸಂಸ್ಥೆಯ ಸದಸ್ಯ’ ಅಂತಿದ್ರೆ ಕಣ್ಮುಚ್ಚಿ 193 ಹಾಕಿ. ಬರೀ ‘ದೇಶ’ ಅಂತ ಕೇಳಿದ್ರೆ ಪ್ರಶ್ನೆ ತೆಗೆದವ್ರದ್ದೇ ತಪ್ಪು.

ಇನ್ನು ಏನೇನ್ ಬೇಕು ಅನ್ನೋದು. 1933ರಲ್ಲಿ ಉರುಗ್ವೆಯ ಮಾಂಟೆವಿಡಿಯೋದಲ್ಲಿ ಅಮೆರಿಕ ಖಂಡದ ದೇಶಗಳು ಒಂದು ಒಪ್ಪಂದ ಮಾಡ್ಕೊಂಡ್ವು, ಎಲ್ರೂ ಈಗ್ಲೂ ಅದನ್ನೇ ಹೇಳೋದು: ಕಾಯಂ ಜನ, ಒಂದು ಗಡಿ, ಒಂದು ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹಾರ ಮಾಡೋ ಶಕ್ತಿ. ಈ ನಾಲ್ಕನೇದೇ ತಕರಾರಿಂದು. ನಮ್ಮ ಹಳೇ ಮೈಸೂರು ಸಂಸ್ಥಾನಾನೇ ತಗೊಳ್ಳಿ, ನಿಮ್ಮ ಚಿಂತಾಮಣಿ, ನಮ್ಮ ತುಮಕೂರು ಎಲ್ಲಾ ಅದ್ರಲ್ಲೇ ಇತ್ತು. ಜನ ಎಪ್ಪತ್ತು ಲಕ್ಷಕ್ಕೂ ಮೇಲೆ, ಮಹಾರಾಜ್ರು, ದಿವಾನ್ರು, 1881ರಿಂದ ಪ್ರಜಾಪ್ರತಿನಿಧಿ ಸಭೆ, 1918ರಲ್ಲಿ ಈಗಿನ ಇಸ್ರೇಲ್‌ನ ಹೈಫಾಗೆ ಹೋಗಿ ಕಾದಾಡಿದ ಕುದುರೆ ಪಡೆ, ಎಲ್ಲಾ ಇತ್ತು, ಆದ್ರೆ ಹೊರದೇಶದ ಜೊತೆ ಮಾತಾಡೋ ಹಕ್ಕು ಬ್ರಿಟಿಷರ ಕೈಲಿ, ಹಂಗಾಗಿ ದೇಶ ಅಂತ ಅನ್ನಿಸ್ಕೊಳ್ಳಲಿಲ್ಲ. ಉಲ್ಟಾ ಕಥೆ ನೋಡಿ: ಸ್ವಾತಂತ್ರ್ಯಾನೇ ಬಂದಿರದ ಇಂಡಿಯಾ 1945ರಲ್ಲೇ ವಿಶ್ವಸಂಸ್ಥೆಯ ಸ್ಥಾಪಕ ಮೆಂಬರು! ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನಮ್ಮ ಕಡೆಯಿಂದ ಸೈನ್ ಹಾಕಿದವ್ರಲ್ಲಿ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಒಬ್ರು, ಮರುವರ್ಷ ಮೈಸೂರಿಗೆ ದಿವಾನ್ರಾಗಿ ಬಂದ್ರಲ್ಲ, ಕೊನೇ ದಿವಾನ್ರು, ಅವ್ರೇ.

ತೈವಾನ್‌ಗೆ ಎರಡು ಕೋಟಿಗೂ ಮೇಲೆ ಜನ, ಸ್ವಂತ ಸೈನ್ಯ, ನೋಟು, ಪಾಸ್‌ಪೋರ್ಟು, ಎಲೆಕ್ಷನ್ನು. 1971ರಲ್ಲಿ ವಿಶ್ವಸಂಸ್ಥೆಯಲ್ಲಿ ಅದ್ರ ಕೈಲಿದ್ದ ಚೀನಾ ಸೀಟು ಬೀಜಿಂಗ್ ಪಾಲಾದ್ಮೇಲೆ ಅದನ್ನ ಅಧಿಕೃತವಾಗಿ ಒಪ್ಪೋ ದೇಶಗಳು ಬೆರಳೆಣಿಕೆಯಷ್ಟು. ಟೋಕಿಯೋ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ನಮ್ಮ ಸಿಂಧು ಸೋತಿದ್ದು ತೈವಾನ್ ಹುಡುಗಿ ತೈ ತ್ಸು ಯಿಂಗ್ ಕೈಲಿ, ಆದ್ರೆ ಆಯಮ್ಮನ ಟೀಮಿನ ಹೆಸರು ಚೈನೀಸ್ ತೈಪೆ, ಬಾವುಟಾನೂ ಅವ್ರ ದೇಶದ್ದಲ್ಲ, ಬಿಳಿ ಬಟ್ಟೆ ಮೇಲೆ ಒಂದು ಹೂವು ಮತ್ತೆ ಒಲಿಂಪಿಕ್ಸ್ ಬಳೆಗಳು. ವಿಶ್ವಸಂಸ್ಥೆಗೆ ಹೊಸಬ್ರು ಸೇರ್ಬೇಕಂದ್ರೆ ಭದ್ರತಾ ಮಂಡಳಿಯ 15ರಲ್ಲಿ 9 ವೋಟು ಬೇಕು, ಅಲ್ಲಿನ ಐದು ದೊಡ್ಡೋರಲ್ಲಿ (ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್) ಒಬ್ರೂ ವೀಟೋ, ಅಂದ್ರೆ ತಡೆ, ಹಾಕಬಾರ್ದು, ಆಮೇಲೆ ಮಹಾಸಭೆಯ ಮೂರನೇ ಎರಡರಷ್ಟು. ಪ್ಯಾಲೆಸ್ತೀನ್ ಅರ್ಜಿ 2024ರ ಏಪ್ರಿಲ್‌ನಲ್ಲಿ ಬಿದ್ದೋಗಿದ್ದು ಅಮೆರಿಕದ ಒಂದೇ ವೀಟೋಗೆ. ಇಂಡಿಯಾ ಪ್ಯಾಲೆಸ್ತೀನನ್ನ ದೇಶ ಅಂತ 1988ರಲ್ಲೇ ಒಪ್ಪಿದೆ, ಅದೇ 2008ರಲ್ಲಿ ಸೆರ್ಬಿಯಾದಿಂದ ಬೇರೆ ದೇಶ ಅಂತ ಘೋಷಿಸ್ಕೊಂಡ ಕೊಸೊವೊನ ಒಪ್ಪಿಲ್ಲ. ಅಂದ್ರೆ ನಾಲ್ಕು ಲಕ್ಷಣಕ್ಕಿಂತ ಪಕ್ಕದವ್ರ ರಾಜಕೀಯದ ಕೈಯೇ ಮೇಲು, ನನಗನ್ಸೋದು ಇಷ್ಟೇ.

ಪ್ರಶ್ನೆ: ನಮ್ಮ ತಾಲ್ಲೂಕು ತುಮಕೂರು ಜಿಲ್ಲೆಗೆ ಅಂಟ್ಕೊಂಡೇ ಇಲ್ಲ, ಸುತ್ತ ಆಂಧ್ರ. ದೇಶಗಳಲ್ಲೂ ಹಿಂಗಿರುತ್ತಾ?
– ಒಬ್ಬ ಮೇಷ್ಟ್ರು, ಪಾವಗಡ

ಉತ್ತರ: ಇರುತ್ತೆ ಮೇಷ್ಟ್ರೇ, ನಿಮಗಾದ್ರೂ ಒಂದು ಕಡೆ ಚಿತ್ರದುರ್ಗ ಜಿಲ್ಲೆ ತಾಗುತ್ತೆ. ಲೆಸೊಥೊಗೆ ನಾಲ್ಕೂ ಕಡೆ ದಕ್ಷಿಣ ಆಫ್ರಿಕಾ, ಸ್ಯಾನ್ ಮರಿನೊ, ವ್ಯಾಟಿಕನ್‌ಗೆ ಸುತ್ತ ಇಟಲಿ. ಇದಕ್ಕಿಂತ ತಲೆ ತಿನ್ನೋದು ನಮ್ಮ ಕೂಚ್ ಬೆಹಾರ್ ಗಡೀಲಿತ್ತು, ಬಾಂಗ್ಲಾದೊಳಗೆ ನಮ್ಮ 111 ತುಂಡು, ನಮ್ಮೊಳಗೆ ಅವ್ರ 51 ತುಂಡು. ದಹಾಲಾ ಖಾಗ್ರಾಬಾಡಿ ಅಂತ ಎರಡೆಕರೇನೂ ಇಲ್ಲದ ಒಂದು ಹೊಲ, ಅದು ಇಂಡಿಯಾದ್ದು, ಅದ್ರ ಸುತ್ತ ಬಾಂಗ್ಲಾದ ಜಾಗ, ಅದ್ರ ಸುತ್ತ ಇಂಡಿಯಾದ್ದು, ಅದ್ರ ಸುತ್ತ ಮತ್ತೆ ಬಾಂಗ್ಲಾ. 2015ರ ಜುಲೈ 31ರ ಮಧ್ಯರಾತ್ರಿ ಎರಡೂ ಕಡೆಯವ್ರು ತುಂಡುಗಳನ್ನ ಅದಲುಬದಲು ಮಾಡ್ಕೊಂಡ್ರು, ಒಳಗಿದ್ದ ಸುಮಾರು 50 ಸಾವಿರ ಜನಕ್ಕೆ ಆಗ್ಲೇ ಸರಿಯಾಗಿ ಒಂದು ದೇಶ ಅಂತ ಸಿಕ್ಕಿದ್ದು.

ಪ್ರಶ್ನೆ: ಗಲ್ಫ್‌ನಲ್ಲಿರೋ ನಮ್ಮ ಭಾವ ಊರಿಗೆ ಬಂದಾಗೆಲ್ಲ ಇಂಡಿಯಾ ಥರ್ಡ್ ವರ್ಲ್ಡ್ ಅಂತಾರೆ, ನ್ಯೂಸ್‌ನಲ್ಲಿ ಡೆವಲಪಿಂಗ್ ಅಂತಾರೆ. ನಾವು ಯಾವ ಕ್ಲಾಸು?
– ಬಂಗಾರಪೇಟೆ ಓದುಗರು

ಉತ್ತರ: ಭಾವನವ್ರ ಲೆಕ್ಕ ಹಳೇದಾಯ್ತು. 1952ರಲ್ಲಿ ಆಲ್ಫ್ರೆಡ್ ಸೋವಿ ಅನ್ನೋ ಫ್ರೆಂಚ್ ಪಂಡಿತ ಹಾಕಿದ ಲೆಕ್ಕ ಅದು, ಅಮೆರಿಕದ ಗುಂಪಿಗೂ ರಷ್ಯಾದ ಗುಂಪಿಗೂ ಸೇರದೋರೆಲ್ಲ ಮೂರನೇದು. 1991ರಲ್ಲಿ ಸೋವಿಯತ್ ಒಡೆದ್ಮೇಲೆ ಎರಡನೇದೇ ಇಲ್ಲ, ಮೂರನೇದು ಎಲ್ಲಿಂದ ಬಂತು?

ಈಗ ಯಾರ ಆಫೀಸಿಗೆ ಹೋಗ್ತೀರಿ ಅನ್ನೋದ್ರ ಮೇಲೆ ಕ್ಲಾಸು. ವಿಶ್ವಬ್ಯಾಂಕು ತಲಾ ಆದಾಯ ನೋಡಿ ನಾಲ್ಕು ಸಾಲು ಮಾಡುತ್ತೆ, ಪ್ರತಿ ಜುಲೈಗೆ ಗೆರೆ ತಿದ್ದುತ್ತೆ. ಮೇಲಿನ ಸಾಲಿಗೆ ವರ್ಷಕ್ಕೆ 14 ಸಾವಿರ ಡಾಲರ್ ಆಸುಪಾಸು ಬೇಕು, ನಮ್ದು ಎರಡೂವರೆ ಸಾವಿರ ಚಿಲ್ಲರೆ, ಕೆಳ-ಮಧ್ಯಮ ಸಾಲು. ಬರೀ ದುಡ್ಡು ನೋಡಿದ್ರೆ ಸಾಲದು ಅಂತ ಪಾಕಿಸ್ತಾನದ ಮೆಹಬೂಬ್ ಉಲ್ ಹಕ್ ಅವ್ರು ಅಮರ್ತ್ಯ ಸೇನ್ ಅವ್ರ ಜೊತೆಗೂಡಿ 1990ರಲ್ಲಿ ಮಾನವ ಅಭಿವೃದ್ಧಿ ಸೂಚ್ಯಂಕ ತಂದ್ರು, ಆಯಸ್ಸು, ಓದು, ಆದಾಯ ಮೂರೂ ಸೇರಿಸಿ. ಅಲ್ಲಿ ನಾವು ಮಧ್ಯಮ, ಅಷ್ಟೆಲ್ಲ ಒದ್ದಾಡಿದ ಶ್ರೀಲಂಕಾ ನಮಗಿಂತ ಮೇಲೆ. ತೀರಾ ಹಿಂದುಳಿದ ದೇಶಗಳಿಗೆ ವಿಶ್ವಸಂಸ್ಥೆಯ ಬೇರೆ ಪಟ್ಟಿ ಇದೆ, ಭೂತಾನ್ 2023ರ ಡಿಸೆಂಬರ್‌ನಲ್ಲಿ ಅದ್ರಿಂದ ಹೊರಗೆ ಬಂತು. ವಿಶ್ವ ವ್ಯಾಪಾರ ಸಂಸ್ಥೆ ಡಬ್ಲ್ಯುಟಿಒದಲ್ಲಂತೂ ‘ನಾನು ಡೆವಲಪಿಂಗ್’ ಅಂತ ದೇಶಾನೇ ಹೇಳ್ಕೊಂಡ್ರೆ ನಡೆಯುತ್ತೆ, ಸಿಂಗಾಪುರದಂಥ ಸಾಹುಕಾರ್ರೂ ಹಂಗೆ ಹೇಳ್ಕೊಂಡಿದ್ರು. ಈ ಸಲ ಭಾವನವ್ರು ಬಂದಾಗ ‘ಯಾರ ಲೆಕ್ಕದಲ್ಲಿ ಭಾವ?’ ಅಂತ ಕೇಳಿ.

ಪ್ರಶ್ನೆ: ನನ್ನ ತೆಂಗಿನ ತೋಟಾನೇ ಒಂದು ದೇಶ ಅಂತ ಘೋಷಿಸಿದ್ರೆ?
– ತಿಪಟೂರಿನ ರೈತರು

ಉತ್ತರ: ಘೋಷಿಸಿ, ಯಾರೂ ಬಾಯಿ ಹಿಡಿಯಲ್ಲ. 1967ರಲ್ಲಿ ರಾಯ್ ಬೇಟ್ಸ್ ಅನ್ನೋರು ಇಂಗ್ಲೆಂಡ್ ಪಕ್ಕದ ಸಮುದ್ರದಲ್ಲಿ ಯುದ್ಧಕಾಲದ ಒಂದು ಪಾಳು ಕಟ್ಟೆ ಹತ್ತಿ ಸೀಲ್ಯಾಂಡ್ ಅಂತ ಹೆಸರಿಟ್ರು, ಸ್ಟ್ಯಾಂಪು, ನಾಣ್ಯ, ಪಾಸ್‌ಪೋರ್ಟು ಎಲ್ಲಾ ಮಾಡಿದ್ರು, ಒಂದೇ ಒಂದು ದೇಶ ಒಪ್ಪಲಿಲ್ಲ. ನಿಮ್ದಾದ್ರೆ ಪಹಣಿ ತಹಶೀಲ್ದಾರ್ ಆಫೀಸಲ್ಲೇ ಇರುತ್ತೆ, ಕೊಬ್ಬರೀನೂ ತಿಪಟೂರು ಎಪಿಎಂಸಿಗೇ ತರಬೇಕು, ಆಗ ಅದು ಇಂಪೋರ್ಟ್ ಆಗುತ್ತೆ, ಸುಂಕ ಬೀಳುತ್ತೆ, ಯೋಚ್ನೆ ಮಾಡಿ.