ಕೆಟ್ಟ ವಾರದಲ್ಲೂ ಉಳಿಯುವ ವ್ಯಾಯಾಮ

ಓದುಗರ ಪ್ರಶ್ನೆಗಳಿಗೆ ಬೆಂಗಳೂರಿನ ವ್ಯಾಯಾಮ ತರಬೇತುದಾರರೊಬ್ಬರ ಉತ್ತರ

ಪ್ರಶ್ನೆ: ನನಗೆ 38 ವರ್ಷ. ಮನೆ ಬನಶಂಕರಿಯಲ್ಲಿ, ಸಾಫ್ಟ್‌ವೇರ್ ಕೆಲಸ ವೈಟ್‌ಫೀಲ್ಡ್‌ನಲ್ಲಿ. ಮೂರು ವರ್ಷಗಳಿಂದ ಪ್ರತಿ ಜನವರಿಯಲ್ಲೂ ಮನೆ ಹತ್ತಿರದ ಜಿಮ್‌ಗೆ ವರ್ಷದ ಹಣ ಕಟ್ಟುತ್ತೇನೆ. ವಾರಕ್ಕೆ ಆರು ದಿನ ಹೋಗಬೇಕೆಂದು ಶುರುಮಾಡುತ್ತೇನೆ, ಯುಗಾದಿ ಬರುವ ಹೊತ್ತಿಗೆ ಹೋಗುವುದೇ ನಿಂತಿರುತ್ತದೆ. ಹೊಟ್ಟೆ ಬಂದಿದೆ, ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆ. ನಿಮಗೆ ಶಿಸ್ತಿಲ್ಲ ಎಂದು ಹೆಂಡತಿ ಹೇಳುತ್ತಾಳೆ. ಇರಬಹುದೇನೋ ಎಂದು ನನಗೂ ಅನ್ನಿಸತೊಡಗಿದೆ.
— ಹೆಸರು ಬೇಡ, ಬನಶಂಕರಿ

ಉತ್ತರ: ದಿನಕ್ಕೆ ಮೂರು ಗಂಟೆ ಪ್ರಯಾಣ ಮಾಡಿ, ಹತ್ತು ಗಂಟೆ ಕೆಲಸ ಮಾಡಿ, ವರ್ಷಗಟ್ಟಲೆ ಮನೆಯನ್ನು ನಡೆಸಿಕೊಂಡು ಬಂದವರಿಗೆ ಶಿಸ್ತಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದೋಷವಿರುವುದು ನೀವು ಹಾಕಿಕೊಂಡ ಯೋಜನೆಯಲ್ಲಿ. ಇದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ: ಈ ವೃತ್ತಿಗೆ ಬಂದ ಹೊಸತರಲ್ಲಿ ನಾನೂ ಬಂದವರಿಗೆಲ್ಲ ವಾರಕ್ಕೆ ಆರು ದಿನದ ಪಟ್ಟಿಯನ್ನೇ ಬರೆದುಕೊಡುತ್ತಿದ್ದೆ. ಬಹಳಷ್ಟು ಮಂದಿ ಮೂರು ತಿಂಗಳೊಳಗೆ ಬರುವುದನ್ನು ಬಿಟ್ಟರು, ನಾನು ಅವರ ಮನಸ್ಸು ಗಟ್ಟಿಯಿಲ್ಲ ಎಂದುಕೊಂಡೆ. ಅವರ ವಾರ ಹೇಗಿರುತ್ತದೆಂದು ಮೊದಲ ದಿನ ಕೇಳಬೇಕಿತ್ತು, ಕೇಳಲಿಲ್ಲ. ಆ ತಪ್ಪು ಪೂರ್ತಿಯಾಗಿ ನನ್ನದು, ಅದನ್ನು ನೆನೆದರೆ ಈಗಲೂ ನೋವಾಗುತ್ತದೆ. ಏಕೆಂದರೆ ಅವರಲ್ಲಿ ಎಷ್ಟೋ ಜನ ವ್ಯಾಯಾಮವೇ ತಮ್ಮಂಥವರಿಗೆ ಹೇಳಿಸಿದ್ದಲ್ಲ ಎಂದು ತೀರ್ಮಾನಿಸಿ ಹೋಗಿರಬೇಕು.

ಈಗ ನಾನು ಮೊದಲು ಕೇಳುವುದು ಕಳೆದ ವರ್ಷದ ಅತ್ಯಂತ ಕೆಟ್ಟ ವಾರದ ಬಗ್ಗೆ. ಕಚೇರಿಯಲ್ಲಿ ಗಡುವು ಮುಗಿಯುತ್ತಿದೆ, ಮಗುವಿಗೆ ಜ್ವರ, ಊರಿನಿಂದ ನೆಂಟರು ಬಂದಿದ್ದಾರೆ, ಹೊರವರ್ತುಲ ರಸ್ತೆಯಲ್ಲಿ ಮಳೆನೀರು ನಿಂತು ಮನೆ ಮುಟ್ಟುವಾಗ ರಾತ್ರಿ ಹತ್ತಾಗಿದೆ. ಅಂಥ ವಾರದಲ್ಲಿಯೂ ನಿಮ್ಮಿಂದ ಸಾಧ್ಯವಾಗುವ ವ್ಯಾಯಾಮ ಎಷ್ಟು? ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ 20 ನಿಮಿಷ ಎಂದಾದರೆ, ಅದೇ ನಿಮ್ಮ ಯೋಜನೆ. ಬಿಡುವಿರುವ ವಾರಗಳಲ್ಲಿ ಅದರ ಮೇಲೆ ಎಷ್ಟು ಬೇಕಾದರೂ ಸೇರಿಸಿಕೊಳ್ಳಿ, ಆದರೆ ಅದಕ್ಕಿಂತ ಕೆಳಗೆ ಇಳಿಯಬೇಡಿ. ಜನವರಿಯ ಉತ್ಸಾಹದಲ್ಲಿ ಬರೆದ ಪಟ್ಟಿ ವರ್ಷದ ಒಳ್ಳೆಯ ವಾರವನ್ನು ಎದುರಿಟ್ಟುಕೊಂಡು ಬರೆದದ್ದಾಗಿರುತ್ತದೆ. ಮೊದಲ ಕೆಟ್ಟ ವಾರ ಬಂದಾಗ ಅದು ಮುರಿಯುತ್ತದೆ, ಒಮ್ಮೆ ಮುರಿದ ಮೇಲೆ ಮತ್ತೆ ಕೈಗೆತ್ತಿಕೊಳ್ಳಲು ನಾಚಿಕೆಯಾಗುತ್ತದೆ.

ಇಷ್ಟು ಸಾಲುತ್ತದೆಯೇ ಎಂಬ ಅನುಮಾನ ನಿಮಗೆ ಬಂದೇ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕು. ಅದೇ ಮಾರ್ಗಸೂಚಿ, ಈ ಪ್ರಮಾಣವನ್ನು ಮುಟ್ಟಲಾಗದವರಿಗೂ ಸ್ವಲ್ಪ ಮಾಡುವುದು ಏನೂ ಮಾಡದಿರುವುದಕ್ಕಿಂತ ಒಳ್ಳೆಯದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಚಟುವಟಿಕೆ ಇಂತಿಷ್ಟು ನಿಮಿಷ ಒಂದೇ ಸಮನೆ ನಡೆದರೆ ಮಾತ್ರ ಲೆಕ್ಕಕ್ಕೆ ಎಂಬ ಹಳೆಯ ಷರತ್ತೂ ಈಗ ಇಲ್ಲ. ಹಾಗಾಗಿ ನೀವು ಮೆಟ್ರೊದಲ್ಲಿ ಹೋಗುವವರಾದರೆ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ ಬದಲಾಗುವಾಗ ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿದ್ದೂ, ನಿಲ್ದಾಣದಿಂದ ಕಚೇರಿಗೆ ಬಿರುಸಾಗಿ ನಡೆದದ್ದೂ ಆ 150 ನಿಮಿಷಗಳಿಗೇ ಸೇರುತ್ತವೆ. ಮಧ್ಯಮ ಶ್ರಮವೆಂದರೆ ಎಷ್ಟು ಎಂದು ತಿಳಿಯಲು ಯಂತ್ರ ಬೇಕಿಲ್ಲ: ನಡೆಯುತ್ತಾ ಮಾತನಾಡಲು ಆಗಬೇಕು, ಹಾಡಲು ಆಗಬಾರದು.

ಇನ್ನು ಆ ಎರಡು ದಿನಗಳ 20 ನಿಮಿಷದಲ್ಲಿ ಮಾಡಬೇಕಾದದ್ದು. ಬಸ್ಕಿ, ಅಡುಗೆಮನೆಯ ಕಟ್ಟೆಗೆ ಕೈಯೂರಿ ದಂಡ, ಐದು ಕಿಲೋ ಅಕ್ಕಿ ಚೀಲವನ್ನು ಸೊಂಟ ಬಾಗಿಸಿ ನಿಂತು ಎದೆಯ ಕಡೆಗೆ ಎಳೆಯುವುದು, ಅದೇ ಚೀಲವನ್ನು ಬೆನ್ನು ನೇರವಾಗಿಟ್ಟುಕೊಂಡು ನೆಲದಿಂದ ಎತ್ತಿ ಇಳಿಸುವುದು. ಈ ನಾಲ್ಕರಲ್ಲಿ ತೊಡೆ, ಎದೆ, ಬೆನ್ನು, ಸೊಂಟ ಎಲ್ಲವೂ ಬಂದವು. ಬಸ್ಕಿ, ದಂಡಗಳು ನಮ್ಮ ಗರಡಿಮನೆಗಳ ಸಾಮು, ಅವಕ್ಕೆ ಆಳೆತ್ತರದ ಜಾಗ ಸಾಕು. ಪ್ರತಿಯೊಂದನ್ನೂ ಎಂಟರಿಂದ ಹನ್ನೆರಡು ಸಲ ಮಾಡಿ, ನಡುವೆ ಉಸಿರು ಸುಧಾರಿಸಿಕೊಂಡು, ಮೂರು ಸುತ್ತು ಮುಗಿಸಿ. ಇನ್ನೂ ಎರಡು ಮೂರು ಸಲ ಮಾಡಬಲ್ಲೆ ಎನ್ನಿಸುವಾಗಲೇ ನಿಲ್ಲಿಸಿ. ಮಾರನೆಯ ದಿನ ಮೆಟ್ಟಿಲಿಳಿಯಲು ಆಗದಂತೆ ಮೈಕೈ ನೋಯಿಸಿಕೊಳ್ಳುವುದು ಒಳ್ಳೆಯ ವ್ಯಾಯಾಮದ ಗುರುತು ಎಂಬ ನಂಬಿಕೆಯೇ ಅನೇಕರನ್ನು ಎರಡನೆಯ ವಾರದಲ್ಲಿ ಮನೆಗೆ ಕಳಿಸುತ್ತದೆ. ಮೂರೂ ಸುತ್ತುಗಳಲ್ಲಿ ಹನ್ನೆರಡು ಸುಲಭವಾದಾಗ ಮಾತ್ರ ಭಾರ ಹೆಚ್ಚಿಸಿ. ಕಟ್ಟೆಯ ಎತ್ತರದಿಂದ ಮಂಚದ ಎತ್ತರಕ್ಕೆ, ಅಲ್ಲಿಂದ ನೆಲಕ್ಕೆ ಇಳಿಯುತ್ತಾ ದಂಡದ ಕಷ್ಟವನ್ನೂ ಹಾಗೆಯೇ ಏರಿಸಬಹುದು. ಜಿಮ್‌ಗೆ ಕಟ್ಟಿದ ಹಣವಿದ್ದರೆ ಬಿಡುವಿನ ವಾರಗಳಲ್ಲಿ ಹೋಗಿ ಬನ್ನಿ. ಅಲ್ಲಿ ಒಳ್ಳೆಯ ಸಲಕರಣೆಗಳಿವೆ, ಅದು ನಿಮ್ಮ ವಾರದ ಆಧಾರವಾಗುವುದು ಬೇಡ ಎಂದಷ್ಟೇ ನನ್ನ ಮಾತು.

ಒಂದು ವಾರ ಪೂರ್ತಿ ತಪ್ಪಿದರೆ ಮುಂದಿನ ವಾರ ಅದನ್ನು ತುಂಬಿಸಲು ಹೋಗಬೇಡಿ. ಎಂದಿನ ಎರಡು ದಿನಕ್ಕೆ ಮರಳಿ, ಮೊದಲ ದಿನ ಸುತ್ತುಗಳನ್ನು ಎರಡಕ್ಕೆ ಇಳಿಸಿ. ತೂಕದ ಯಂತ್ರವನ್ನು ದಿನವೂ ಹತ್ತುವುದಕ್ಕಿಂತ ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ನೋಡಿಕೊಳ್ಳಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯದಲ್ಲಿ, ಉಸಿರು ಬಿಟ್ಟು ಅಳೆಯಬೇಕು. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಎಚ್ಚರಿಕೆಯ ಗಡಿ. ಎರಡು ಮಹಡಿಗೇ ಏದುಸಿರು ಎಂದಿದ್ದೀರಿ. ಶುರುಮಾಡುವ ಮೊದಲು ರಕ್ತದೊತ್ತಡ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ, ವೈದ್ಯರಿಗೆ ಈ ಏದುಸಿರಿನ ವಿಷಯವನ್ನೂ ಹೇಳಿ. ಎದೆನೋವು ಜೊತೆಗಿದ್ದರೆ ಇಂದೇ ಹೋಗಿ.

ಪ್ರಶ್ನೆ: ನನಗೆ 52 ವರ್ಷ, ಗೃಹಿಣಿ. ಎಂಟು ವರ್ಷಗಳಿಂದ ದಿನವೂ ಬೆಳಿಗ್ಗೆ ಸ್ಯಾಂಕಿ ಕೆರೆಯ ಸುತ್ತ ಒಂದು ಗಂಟೆ ನಡೆಯುತ್ತೇನೆ. ಆದರೂ 62 ಕಿಲೋ ತೂಕ ಇಳಿದಿಲ್ಲ, ಈಗ ಮಂಡಿನೋವು ಬೇರೆ. ಕೀಲಿನ ಸವಕಳಿ ಆರಂಭದ ಹಂತದಲ್ಲಿದೆ ಎಂದು ವೈದ್ಯರು ಹೇಳಿದ್ದಾರೆ. ನಡೆಯುವುದನ್ನು ಬಿಡಬೇಕೇ? ಭಾರ ಎತ್ತುವ ವ್ಯಾಯಾಮ ಮಾಡುತ್ತೇನೆಂದರೆ, ಈ ವಯಸ್ಸಿನಲ್ಲಿ ಹೆಂಗಸರಿಗೆ ಅದೆಲ್ಲ ಬೇಡ ಎನ್ನುತ್ತಾರೆ ಮನೆಯವರು.
— ಓದುಗರು, ಮಲ್ಲೇಶ್ವರಂ

ಉತ್ತರ: ಎಂಟು ವರ್ಷ ಬಿಡದೆ ನಡೆದಿದ್ದೀರಿ. ನನ್ನ ಬಳಿ ಬರುವವರಲ್ಲಿ ಬಹುಮಂದಿಗೆ ಇಲ್ಲದ್ದು ನಿಮ್ಮಲ್ಲಿ ಈಗಾಗಲೇ ಇದೆ, ಅದನ್ನು ಬಿಡಬೇಡಿ. ನೋವು ಹೆಚ್ಚಿರುವ ದಿನಗಳಲ್ಲಿ ಒಂದು ಗಂಟೆಯನ್ನು ಎರಡು ಅರ್ಧ ಗಂಟೆಗಳಾಗಿ ಒಡೆದು, ಬೆಳಿಗ್ಗೆ ಒಂದು ಸಂಜೆ ಒಂದು ಮಾಡಿಕೊಳ್ಳಿ. ನಿಮಗೆ ಕೊರತೆಯಿರುವುದು ಬಲದ ವ್ಯಾಯಾಮ. ಅದು ನಿಮ್ಮ ವಯಸ್ಸಿನ ಹೆಂಗಸರಿಗೆ ಬೇಡವೆಂಬ ಮಾತು ತಲೆಕೆಳಗಾದದ್ದು. ಮುಟ್ಟು ನಿಂತ ಮೇಲಿನ ವರ್ಷಗಳಲ್ಲಿ ಮೂಳೆಯ ಸಾಂದ್ರತೆ ಬೇಗ ಕುಗ್ಗುತ್ತದೆ, ಸ್ನಾಯುಗಳೂ ಕರಗುತ್ತವೆ. ಮಂಡಿಯ ಕೀಲಿನ ಮೇಲಿನ ಹೊರೆಯನ್ನು ಹಂಚಿಕೊಳ್ಳಬೇಕಾದ ತೊಡೆಯ ಮುಂಭಾಗದ ಸ್ನಾಯು ಸೊರಗಿದರೆ ಕೀಲೇ ಆ ಹೊರೆಯನ್ನು ಹೊರಬೇಕಾಗುತ್ತದೆ. ಆದ್ದರಿಂದಲೇ ಮಂಡಿ ಸವಕಳಿಗೆ ವೈದ್ಯರು ಮೊದಲ ಹಂತದಲ್ಲಿ ಸೂಚಿಸುವ ಚಿಕಿತ್ಸೆಗಳಲ್ಲಿ ವ್ಯಾಯಾಮ ಮುಖ್ಯವಾದದ್ದು.

ಗಟ್ಟಿಯಾದ ಊಟದ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಟ್ಟು, ಕೈ ಊರದೆ ಎದ್ದು ನಿಂತು, ಮೂರು ಎಣಿಸುವಷ್ಟು ನಿಧಾನವಾಗಿ ಕುಳಿತುಕೊಳ್ಳುವುದರಿಂದ ಆರಂಭಿಸಿ. ಎಂಟು ಸಲ, ಎರಡು ಸುತ್ತು, ವಾರಕ್ಕೆ ಎರಡು ಮೂರು ದಿನ. ಕಷ್ಟವಾದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರಿಸಿ. ತಿಂಗಳ ಮೇಲೆ ಅದು ಹಗುರವೆನಿಸಿದಾಗ ಅರ್ಧ ಬಿಂದಿಗೆ ನೀರನ್ನು ಎದೆಗವಚಿಕೊಂಡು ಮಾಡಬಹುದು. ಮನೆಯವರ ಆತಂಕಕ್ಕೆ ಇಷ್ಟು ಹೇಳಿ: ತುಂಬಿದ ಕುಕ್ಕರ್, ಹಿಟ್ಟಿನ ಡಬ್ಬ, ಒದ್ದೆ ಬಟ್ಟೆಯ ಬಕೀಟು ಇವನ್ನೆಲ್ಲ ಇಷ್ಟು ವರ್ಷ ಎತ್ತುತ್ತಲೇ ಬಂದಿದ್ದೀರಿ, ಈಗ ಅದೇ ಕೆಲಸವನ್ನು ಕ್ರಮವಾಗಿ ಕಲಿಯುತ್ತಿದ್ದೀರಿ. ಮಾಡುವಾಗ ಸಣ್ಣ ನೋವು ಬಂದು ಮಾರನೆಯ ದಿನಕ್ಕೆ ಇಳಿದರೆ ಚಿಂತೆಯಿಲ್ಲ. ಮಂಡಿ ಊದಿಕೊಂಡರೆ, ಹಿಡಿದುಕೊಂಡು ಮಡಚಲಾಗದಿದ್ದರೆ ಅಥವಾ ಇದ್ದಕ್ಕಿದ್ದಂತೆ ಕುಸಿದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ತೂಕದ ವಿಚಾರಕ್ಕೆ ಬಂದರೆ, ನಡಿಗೆಯೊಂದರಿಂದಲೇ ತೂಕ ಇಳಿಸುವುದು ಕಷ್ಟ, ತಟ್ಟೆಯನ್ನೂ ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ನಿಮ್ಮ 62 ಕಿಲೋಗೆ ಅದು ಸುಮಾರು 51 ಗ್ರಾಂ ಆಗುತ್ತದೆ. ಎರಡು ಲೋಟ, ಅಂದರೆ ಅರ್ಧ ಲೀಟರ್ ಹಾಲು-ಮೊಸರಿನಿಂದ 16 ಗ್ರಾಂ, 60 ಗ್ರಾಂ ತೊಗರಿಬೇಳೆಯಿಂದ ಸುಮಾರು 13, ಒಂದು ಹಿಡಿ ಕಡಲೆಕಾಯಿ ಬೀಜದಿಂದ 7, ದಿನದ ಒಟ್ಟು 200 ಗ್ರಾಂ ಅಕ್ಕಿ, ರಾಗಿ, ಗೋಧಿಯಿಂದ 15: ಅಲ್ಲಿಗೆ ಲೆಕ್ಕ ಮುಟ್ಟಿತು, ಡಬ್ಬದ ಪುಡಿ ಬೇಕಾಗಲಿಲ್ಲ. ಆದರೆ ನಮ್ಮ ಮನೆಗಳಲ್ಲಿ ಒಂದು ವಿಷಯವನ್ನು ಗಮನಿಸಬೇಕು. ತಿಳಿಸಾರನ್ನು ಮೇಲಿನಿಂದ ಬಗ್ಗಿಸಿಕೊಂಡವರಿಗೆ ಬೇಳೆ ಸಿಗುವುದಿಲ್ಲ, ಅದು ಪಾತ್ರೆಯ ತಳದಲ್ಲೇ ಉಳಿದಿರುತ್ತದೆ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಗೃಹಿಣಿ ಅನ್ನವನ್ನು ಹೆಚ್ಚಿಸಿಕೊಂಡು, ಹುಳಿ ಪಲ್ಯಗಳಲ್ಲಿ ಉಳಿದದ್ದರಲ್ಲಿ ಊಟ ಮುಗಿಸುವುದನ್ನು ನಾನು ನನ್ನ ತಾಯಿಯಲ್ಲೇ ಕಂಡಿದ್ದೇನೆ. ದಯವಿಟ್ಟು ನಿಮ್ಮ ಪಾಲಿನ ಬೇಳೆ, ಕೋಸಂಬರಿ, ಹೆಸರುಕಾಳಿನ ಉಸಲಿಯನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ಪ್ರೋಟೀನ್ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಹುಟ್ಟುಹಬ್ಬಕ್ಕೆ ನಾನು ಕೊಡಿಸಿದ ಕೈಗಡಿಯಾರದಲ್ಲಿ ದಿನಕ್ಕೆ 10,000 ಹೆಜ್ಜೆ ಆಗಲೇಬೇಕೆಂದು, ಕಡಿಮೆಯಾದ ದಿನ ರಾತ್ರಿ ಊಟವಾದ ಮೇಲೆ ಬೀದಿಗಿಳಿದು ನಡೆಯುತ್ತಾರೆ. ನಮ್ಮ ರಸ್ತೆಯಲ್ಲಿ ಬೀದಿದೀಪವೂ ಸರಿಯಿಲ್ಲ. ಇದು ಅಗತ್ಯವೇ?
— ಓದುಗರು, ಕೆಂಗೇರಿ

ಉತ್ತರ: ಅಗತ್ಯವಿಲ್ಲ. ಆ ಸಂಖ್ಯೆ ಪ್ರಚಾರಕ್ಕೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದಿಂದ. ಅದರ ಜಪಾನಿ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಗಳ ಮಾಪಕ ಎಂದು. 15 ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರಲ್ಲಿ, 60 ದಾಟಿದವರಿಗೆ ಆಯುಷ್ಯದ ದೃಷ್ಟಿಯಿಂದ ಸಿಗುವ ಲಾಭ ದಿನಕ್ಕೆ 6,000ದಿಂದ 8,000 ಹೆಜ್ಜೆಗಳ ಹೊತ್ತಿಗೆ ಬಹುಮಟ್ಟಿಗೆ ಸಮತಟ್ಟಾಗುವುದು ಕಂಡುಬಂದಿದೆ. ಹಾಗಾಗಿ ಗಡಿಯಾರದ ಗುರಿಯನ್ನು ನೀವೇ 6,000ಕ್ಕೆ ಇಳಿಸಿಕೊಡಿ. ಎತ್ತರ ತಗ್ಗಾದ ಪಾದಚಾರಿ ಮಾರ್ಗದಲ್ಲಿ ಕತ್ತಲಲ್ಲಿ ನಡೆದು ಅವರು ಬಿದ್ದರೆ ಆಗುವ ನಷ್ಟಕ್ಕೆ ಉಳಿದ ಹೆಜ್ಜೆಗಳು ಯಾವ ರೀತಿಯಲ್ಲೂ ಸಮನಲ್ಲ.

ಅವರ ಉತ್ಸಾಹವನ್ನು ಮಾತ್ರ ತಗ್ಗಿಸಬೇಡಿ, ಅದಕ್ಕೆ ಬೇರೆ ಕೆಲಸ ಕೊಡಿ. 65 ದಾಟಿದವರು ವಾರಕ್ಕೆ ಮೂರು ದಿನ ಸಮತೋಲನಕ್ಕೂ ಒತ್ತು ಕೊಡುವ ಚಟುವಟಿಕೆಗಳನ್ನು ಮಾಡಬೇಕೆಂದು ನಾನು ಮೇಲೆ ಹೇಳಿದ ಮಾರ್ಗಸೂಚಿಯಲ್ಲೇ ಇದೆ. ರಾತ್ರಿ ಊಟಕ್ಕೆ ಮೊದಲು ಅಡುಗೆಮನೆಯ ಕಟ್ಟೆಯನ್ನು ಬೆರಳತುದಿಯಿಂದ ಹಿಡಿದು ಒಂದೊಂದು ಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಲ್ಲಲಿ, ಆಮೇಲೆ ಕಟ್ಟೆಯುದ್ದಕ್ಕೂ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ನಾಲ್ಕು ಸಲ ಹೋಗಿ ಬರಲಿ. ಆ ಹತ್ತು ನಿಮಿಷ ನೀವೂ ಅಲ್ಲೇ ಇದ್ದು ಎಣಿಸಿ.